ಮೊದಲು 'ನೀವು' ಅನ್ನಿ, ಗೌರವದ ಮಾತು ಆಮೇಲೆ



ನಾನು ಓದುವಾಗ ಇದ್ದ ಹಾಸ್ಟೆಲ್ಲಿಗೆ ಮೊನ್ನೆ ಒಬ್ಬ ದೊಡ್ಡ ಮನುಷ್ಯರನ್ನು ಕರೆಸಿದ್ದರು. ಬಂದರು. ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿದರು, ಊದುಬತ್ತಿ ಹಚ್ಚಿದರು, ಕೈ ಮುಗಿದರು. ಆಮೇಲೆ ಮೈಕಿನ ಮುಂದೆ ನಿಂತು ನಮಗೆ ಬುದ್ಧಿ ಹೇಳಿದರು. "ಪೊಲೀಸರನ್ನ ಕಂಡರೆ ಭಯ ಯಾಕ್ರಪ್ಪ? ಗೌರವ ಕೊಟ್ಟು ಗೌರವ ತಗೋಬೇಕು. ನೀವು ನೆಟ್ಟಗಿದ್ದರೆ ಅವರೂ ನೆಟ್ಟಗಿರ್ತಾರೆ" ಅಂದರು. ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವತ್ತು ಊಟಕ್ಕೆ ಪಾಯಸ ಇತ್ತು.

ದೀಪಾಂಜಲಿ ನಗರದ ರೂಮಿಗೆ ವಾಪಸ್ ಬಂದ ಮೇಲೆ ನನಗೆ ನಾಚಿಕೆಯಾಯಿತು. ಯಾವ ಮಾತಿಗೆ ಚಪ್ಪಾಳೆ ತಟ್ಟಿ ಬಂದೆ ನಾನು?

ಗೌರವ ಕೊಟ್ಟು ಗೌರವ ತಗೋ. ಕೇಳೋಕೆ ಎಷ್ಟು ನ್ಯಾಯವಾಗಿದೆ! ಸಂತೆ ವ್ಯಾಪಾರದ ಹಾಗೆ. ನೀನು ದುಡ್ಡು ಕೊಡು, ನಾನು ಸೊಪ್ಪು ಕೊಡ್ತೀನಿ. ಆದರೆ ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಒಂದೇ ನೆಲದ ಮೇಲೆ ನಿಂತಿರ್ತಾರೆ. ಬೆಲೆ ಕುದುರದಿದ್ದರೆ ಎದ್ದು ಹೋಗಬಹುದು. ಒಬ್ಬನ ಕೈಯಲ್ಲಿ ಲಾಠಿ, ಇನ್ನೊಬ್ಬನ ಬೆನ್ನು ಬರಿದು. ಅಲ್ಲಿ ಎಂಥ ವ್ಯಾಪಾರ? ಎದ್ದು ಹೋಗೋಕೆ ಬಿಡ್ತಾರಾ?

ನನ್ನ ತಾತ ಗೌಡರ ಬೀದಿಯಲ್ಲಿ ಹೋಗುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಹೋಗ್ತಿದ್ದ. ಹತ್ತು ವರ್ಷದ ಗೌಡರ ಮಗ "ಬಾರ್ಲಾ, ಹೋಗ್ಲಾ" ಅಂತಿದ್ದ. ಅರವತ್ತು ವರ್ಷದ ತಾತ "ಬುದ್ಧೀ" ಅಂತಿದ್ದ. ಗೌರವ ಕೊಟ್ಟರೆ ಗೌರವ ಬರೋದು ನಿಜವಾಗಿದ್ದರೆ ನನ್ನ ತಾತನಿಗೆ ಈ ದೇಶದಲ್ಲಿ ಎಷ್ಟು ಗೌರವ ಬರಬೇಕಿತ್ತು? ತಲೆತಲಾಂತರದಿಂದ ನಾವು ಕೊಡ್ತಲೇ ಬಂದಿದ್ದೇವೆ. ಬಾಕಿ ಯಾರ ಕಡೆ ಇದೆ? ಲೆಕ್ಕದ ಪುಸ್ತಕ ತೆಗೀರಿ ಸ್ವಾಮಿ, ನೋಡೋಣ.

ಒಂದು ರಾತ್ರಿಯ ಕಥೆ ಹೇಳ್ತೀನಿ. ಯಾವ ಠಾಣೆ, ಯಾವ ಅಧಿಕಾರಿ ಅನ್ನೋದು ಬೇಡ. ನನಗೆ ಒಬ್ಬ ಮನುಷ್ಯನ ಮೇಲೆ ಹಗೆ ಇಲ್ಲ. ನಾನೂ ನನ್ನ ರೂಮಿನ ಗೆಳೆಯನೂ ಊರಿನ ಇನ್ನೊಂದು ತುದಿಯಲ್ಲಿ ನೆಂಟರ ಮನೆಗೆ ಹೋಗಿದ್ದೆವು. ಕೊನೇ ಬಸ್ಸು ತಪ್ಪಿತು. ನಡ್ಕೊಂಡು ಬರ್ತಾ ಇದ್ದೆವು. ಗಸ್ತಿನ ಗಾಡಿ ನಿಂತಿತು. "ಏಯ್, ಬಾರೋ ಇಲ್ಲಿ." ಹೋದೆವು. "ಎಲ್ಲಿಂದ್ರೋ?" ಹೇಳಿದೆವು. "ಏನ್ ಓದಿದ್ದೀಯೋ?" ಬಿ.ಎ. ಅಂದೆ. "ಯಾವೂರು? ಯಾರ ಪೈಕಿ?" ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಉತ್ತರ ಆಯ್ತು. ಮೇಲಿನ ಜಾತಿಯವನು ಆ ಪ್ರಶ್ನೆಗೆ ಯಾವತ್ತೂ ಸುಮ್ಮನಿರೋದಿಲ್ಲ. ಆಮೇಲೆ ಬ್ಯಾಗು ಸುರಿದರು. ಸಾಮಾನ್ಯ ಜ್ಞಾನದ ಪುಸ್ತಕ, ಒಂದು ಟವೆಲು, ನೆಂಟರು ಕಟ್ಟಿಕೊಟ್ಟಿದ್ದ ಹುರುಳಿಕಾಳು ರಸ್ತೆ ಮೇಲೆ ಬಿದ್ದವು. ನನ್ನ ಗೆಳೆಯ "ಸಾರ್, ಏನಕ್ಕೆ ಸಾರ್?" ಅಂತ ಕೇಳಿದ. ಅಷ್ಟೇ ಕೇಳಿದ್ದು. ಕೆನ್ನೆಗೆ ಬಿತ್ತು. "ಏನಕ್ಕೆ ಅಂತ ನನ್ನೇ ಕೇಳ್ತೀಯಾ? ರಿಸರ್ವೇಶನ್ನಲ್ಲಿ ಓದಿ ಕೊಬ್ಬು ಬಂದಿದೆ ನಿಮಗೆ."

ಗಮನಿಸಿ. ಅವನು 'ಸಾರ್' ಅಂದಿದ್ದ. ಎರಡು ಸಲ ಅಂದಿದ್ದ. ಗೌರವ ಕೊಟ್ಟಿದ್ದ. ತಗೊಂಡದ್ದು ಏಟು.

ನಮ್ಮ ಭಾಷೆಯಲ್ಲಿ 'ಭಯಭಕ್ತಿ' ಅಂತ ಒಂದು ಮಾತಿದೆ. ಭಯವನ್ನೂ ಭಕ್ತಿಯನ್ನೂ ಒಂದೇ ಗಂಟಲ್ಲಿ ಕಟ್ಟಿಟ್ಟಿದ್ದಾರೆ. ಆ ದೊಡ್ಡ ಮನುಷ್ಯರು ಹಾಸ್ಟೆಲ್ಲಿನಲ್ಲಿ ಗೌರವ ಅಂದದ್ದು ಅದನ್ನೇ. ನಮ್ಮ ಕಡೆಯಿಂದ ಭಯ ಬೇಕು. ಅದಕ್ಕೆ ಗೌರವ ಅಂತ ಹೆಸರು ಬೇಕು.

ಕೆನ್ನೆ ಏಟಿಗೆ ಇಷ್ಟು ಉದ್ದ ಬರೀತಾನಲ್ಲ ಅಂತ ಅನ್ನಿಸಬಹುದು. ಸರಿ, ಕೆನ್ನೆ ಏಟು ಬಿಡಿ. ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿಗೆ ಬನ್ನಿ. 2021ರ ಮೇ ತಿಂಗಳು, ಕೊರೊನಾದ ಎರಡನೇ ಅಲೆ. ಒಬ್ಬ ದಲಿತ ಯುವಕನನ್ನು ಠಾಣೆಗೆ ಎಳೆದುಕೊಂಡು ಹೋದರು. ಅವನು ಕೊಟ್ಟ ದೂರಿನ ಪ್ರಕಾರ ಕಟ್ಟಿ ಹಾಕಿ ಹೊಡೆದರು, ಜಾತಿ ಕೇಳಿದರು. ನೀರು ನೀರು ಅಂತ ಅಂಗಲಾಚಿದಾಗ ಠಾಣೆಯಲ್ಲಿದ್ದ ಇನ್ನೊಬ್ಬ ಆರೋಪಿಯ ಕೈಲಿ ಅವನ ಬಾಯಿಗೆ ಮೂತ್ರ ಹೊಯ್ಯಿಸಿದರು. ನೆಲಕ್ಕೆ ಬಿದ್ದದ್ದನ್ನು ನೆಕ್ಕಿಸಿದರು. ಅವನು ಹೆದರಿ ಮನೆಯಲ್ಲಿ ಕೂರಲಿಲ್ಲ. ಮೇಲಿನವರಿಗೆ ಪತ್ರ ಬರೆದ. ಸಂಘಟನೆಗಳು ಬೀದಿಗೆ ಬಂದವು. ಪಿ.ಎಸ್.ಐ. ಮೇಲೆ ಕೇಸು ದಾಖಲಾಯಿತು, ಅಮಾನತಾಯಿತು, ತನಿಖೆ ಸಿ.ಐ.ಡಿ.ಗೆ ಹೋಯಿತು, ಸೆಪ್ಟೆಂಬರಿನಲ್ಲಿ ಬಂಧನವೂ ಆಯಿತು.

ಈಗ ಇನ್ನೂ ಹಿಂದಕ್ಕೆ ಬನ್ನಿ. 1987, ಬೆಳಗಾವಿ ಜಿಲ್ಲೆಯ ಬೆಂಡಿಗೇರಿ. ಕಳ್ಳತನದ ಆರೋಪ ಹೊರಿಸಿ ಊರಿನ ಮೇಲ್ಜಾತಿಯವರು ದಲಿತರಿಗೆ ಮಲ ತಿನ್ನಿಸಿದರು. ರಾಜ್ಯವೆಲ್ಲ ಹೊತ್ತಿ ಉರಿಯಿತು. ದಲಿತ ಸಂಘರ್ಷ ಸಮಿತಿ ಹಾದಿ ಬೀದಿಗೆ ಇಳಿಯಿತು. ಅದಾಗಿ ಎರಡು ವರ್ಷಕ್ಕೆ, 1989ರಲ್ಲಿ, ಪರಿಶಿಷ್ಟ ಜಾತಿ ಪಂಗಡಗಳ ದೌರ್ಜನ್ಯ ತಡೆ ಕಾಯಿದೆ ಬಂತು. ಆ ಕಾಯಿದೆ ತೆಗೆದು ನೋಡಿ. ಅಪರಾಧಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದು ಏನು ಗೊತ್ತೇ? ತಿನ್ನಬಾರದ್ದನ್ನು, ಕುಡಿಯಬಾರದ್ದನ್ನು ತಿನ್ನಿಸುವುದು, ಕುಡಿಸುವುದು. ಒಂದು ದೇಶ ತನ್ನ ಕಾನೂನಿನಲ್ಲಿ ಮೊದಲ ಸಾಲಾಗಿ ಇದನ್ನು ಬರೆಯಬೇಕಾಯಿತು ಅಂದರೆ ಆ ದೇಶ ಎಂಥದ್ದು ಅಂತ ಯೋಚನೆ ಮಾಡಿ.

ಆ ಕಾನೂನು ಬಂದು ಮೂವತ್ತು ವರ್ಷ ದಾಟಿದ ಮೇಲೆ, ಅದನ್ನು ಕಾಯಬೇಕಾದ ಠಾಣೆಯ ಒಳಗೇ ಅದರ ಮೊದಲ ಸಾಲನ್ನು ಮುರಿದರು ಅಂತ ನಮ್ಮ ಹುಡುಗ ದೂರು ಕೊಡಬೇಕಾಗಿ ಬಂತು. ಬೆಂಡಿಗೇರಿಯಲ್ಲಿ ಆ ಕೆಲಸ ಮಾಡಿದ್ದು ಊರಿನ ಪಟ್ಟಭದ್ರರು. ಗೋಣಿಬೀಡಿನಲ್ಲಿ ದೂರು ಬಂದದ್ದು ಸಂಬಳ ತಗೊಳ್ಳುವ ಸರಕಾರಿ ನೌಕರನ ಮೇಲೆ. ಆ ಸಂಬಳದಲ್ಲಿ ಅವನ ಅಪ್ಪ ಅವ್ವ ಬೆಂಕಿಪೊಟ್ಟಣ ಕೊಂಡಾಗ ಕಟ್ಟಿದ ತೆರಿಗೆಯೂ ಇದೆ. ಇಲ್ಲಿ ಯಾರು ಯಾರಿಗೆ ಗೌರವ ಕೊಡುವುದು ಬಾಕಿ ಇತ್ತು?

ಇದು ಇದ್ದಕ್ಕಿದ್ದ ಹಾಗೆ ಶುರುವಾಗೋದಲ್ಲ. ಏಕವಚನದಿಂದ ಶುರುವಾಗುತ್ತೆ. 'ಏಯ್, ಬಾರೋ' ಅನ್ನುವ ನಾಲಿಗೆ ಆಮೇಲೆ ಕೈಗೆ ಅಪ್ಪಣೆ ಕೊಡುತ್ತೆ. 'ನೀವು ಯಾರು? ಎಲ್ಲಿಗೆ ಹೋಗ್ತಿದ್ದೀರಿ?' ಅಂತ ಕೇಳಿದವನಿಗೆ ಅದೇ ಉಸಿರಿನಲ್ಲಿ ಕಪಾಳಕ್ಕೆ ಹೊಡೆಯೋದು ಅಷ್ಟು ಸುಲಭ ಅಲ್ಲ. ಅದಕ್ಕೇ ಮೊದಲು ಮಾತಿನಲ್ಲಿ ಮನುಷ್ಯನನ್ನು ಕೆಳಗಿಳಿಸಿಕೊಳ್ತಾರೆ. ಆಮೇಲೆ ಹೊಡೀತಾರೆ.

ಇದು ಕವಿಯೊಬ್ಬನ ಹುಚ್ಚು ಕಲ್ಪನೆ ಅಂತ ನಗಬೇಡಿ. ಪಕ್ಕದ ಕೇರಳದಲ್ಲಿ 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಇದೇ ಮಾತು ಹೇಳಿತು. ಜನರನ್ನು 'ಎಡಾ', 'ಎಡೀ', 'ನೀ' ಅಂತ ಕರೆಯುವ ಹಾಗಿಲ್ಲ, ಅದು ಸಂವಿಧಾನದ ನೀತಿಗೆ ಒಪ್ಪುವುದಿಲ್ಲ ಅಂತ ಪೊಲೀಸರಿಗೆ ತಾಕೀತು ಮಾಡಿತು. ಅದೇ ತಿಂಗಳು ಅಲ್ಲಿನ ಪೊಲೀಸ್ ಮುಖ್ಯಸ್ಥರು ಸುತ್ತೋಲೆ ಹೊರಡಿಸಿದರು. ಎಡಾ ಅಂದರೆ ನಮ್ಮ ಲೋ. ಎಡೀ ಅಂದರೆ ನಮ್ಮ ಲೇ. ನಮ್ಮಲ್ಲಿ 2025ರಲ್ಲಿ ಕಾನ್‌ಸ್ಟೇಬಲ್ಲುಗಳ ಹಳೇ ಅಗಲ ಹ್ಯಾಟು ಹೋಗಿ ಹೊಸ ಪೀಕ್ ಕ್ಯಾಪು ಬಂತು. ಸಂತೋಷ. ಟೋಪಿ ಬದಲಾಯಿಸಿದ ಸರಕಾರಕ್ಕೆ ನಾಲಿಗೆ ಬದಲಾಯಿಸೋಕೆ ಇನ್ನೆಷ್ಟು ವರ್ಷ ಬೇಕು?

ಆಗೋದಿಲ್ಲ, ಪೊಲೀಸು ಅಂದಮೇಲೆ ಲಾಠಿ ಬೇಕೇ ಬೇಕು ಅಂತಾರೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಹಾಲು ತರಕಾರಿಗೆ ಹೊರಗೆ ಬಂದವರ ಮೇಲೂ ಲಾಠಿ ಬಿತ್ತು. ವೀಡಿಯೋಗಳು ಊರೆಲ್ಲ ಹರಿದಾಡಿದವು. ಆಗ ಬೆಂಗಳೂರಿನ ಪೊಲೀಸ್ ಕಮಿಷನರ್ ಆಗಿದ್ದ ಭಾಸ್ಕರ ರಾವ್ ಅವರು ಸಿಬ್ಬಂದಿಗೆ ಲಾಠಿ ಬಿಟ್ಟು ಕೆಲಸಕ್ಕೆ ಹೋಗಲು ಹೇಳಿದರು. ಒಬ್ಬ ಅಧಿಕಾರಿಯ ಬಾಯಿಮಾತಿಗೆ ಲಾಠಿ ಕೆಳಗೆ ಇಳಿಯೋದಾದರೆ, ಉಳಿದ ದಿನಗಳಲ್ಲಿ ಅದು ಎದ್ದಿರೋದು ಯಾರ ಒಪ್ಪಿಗೆಯಿಂದ?

ಅದೇ ವರ್ಷ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆ ಮೇಲೆ ಒಬ್ಬ ಬಿಳಿಯ ಪೊಲೀಸ್ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿ ಕೂತ. ಉಸಿರು ಹೋಯಿತು. ಪೊಲೀಸರು ಮೊದಲು ಹೊರಡಿಸಿದ ಹೇಳಿಕೆಯಲ್ಲಿ ಮಂಡಿಯ ಸುದ್ದಿಯೇ ಇರಲಿಲ್ಲ, ಏನೋ ಆರೋಗ್ಯದ ತೊಂದರೆಯಾಗಿ ಸತ್ತ ಅಂತಿತ್ತು. ದಾರಿಯಲ್ಲಿ ನಿಂತಿದ್ದ ಹದಿನೇಳು ವರ್ಷದ ಹುಡುಗಿ ಫೋನಿನಲ್ಲಿ ಹಿಡಿದದ್ದರಿಂದ ಸತ್ಯ ಹೊರಬಿತ್ತು. ನಮ್ಮ ಹುಡುಗರೂ ಆಗ ಸ್ಟೇಟಸ್ಸಿಗೆ ಕಪ್ಪು ಬಣ್ಣ ಹಾಕಿಕೊಂಡಿದ್ದರು. ತಪ್ಪಿಲ್ಲ. 1972ರಲ್ಲಿ ಮುಂಬೈನ ದಲಿತ ಯುವಕರು ಅಮೆರಿಕದ ಬ್ಲ್ಯಾಕ್ ಪ್ಯಾಂಥರುಗಳ ಹೆಸರು ನೋಡಿಯೇ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡಿದ್ದು. ಆ ನಂಟು ಹಳೇದು.

ಆದರೆ ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. 2021ರ ಆಗಸ್ಟಿನಲ್ಲಿ ಇದೇ ಬೆಂಗಳೂರಿನ ಜೆ.ಸಿ. ನಗರ ಠಾಣೆಯವರು ಮಾದಕ ವಸ್ತುವಿನ ಆರೋಪದಲ್ಲಿ ಹಿಡಿದಿದ್ದ ಕಾಂಗೋ ದೇಶದ ಒಬ್ಬ ಯುವಕ ಸತ್ತ. ಹೃದಯ ನಿಂತಿತು ಅಂದರು. ಠಾಣೆ ಮುಂದೆ ಸೇರಿ ಕೇಳಿದ ಆಫ್ರಿಕಾದವರ ಮೇಲೆ ಲಾಠಿ ಬಿತ್ತು. ಸಿ.ಐ.ಡಿ. ತನಿಖೆ ಅಂತಾಯಿತು. ಅವತ್ತು ನಮ್ಮಲ್ಲಿ ಎಷ್ಟು ಜನ ಸ್ಟೇಟಸ್ಸು ಹಾಕಿದೆವು? 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆಯ ಕಡೆ ಬೇರೆ ಯಾವನೋ ಆಫ್ರಿಕಾದವನ ಕಾರು ಹೆಂಗಸೊಬ್ಬಳ ಮೇಲೆ ಹರಿಯಿತು ಅಂತ, ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆದು ಬಟ್ಟೆ ಹರಿಯಿತು. ಒಬ್ಬನ ತಪ್ಪಿಗೆ ಬಣ್ಣಕ್ಕೆಲ್ಲ ಶಿಕ್ಷೆ. ಒಬ್ಬ ಹೊಲೆಯ ತಪ್ಪು ಮಾಡಿದ ಅಂತ ಇಡೀ ಕೇರಿಗೆ ಬೆಂಕಿ ಇಡ್ತಾರಲ್ಲ, ಅದೇ ಲೆಕ್ಕ. ಆ ಗುಂಪಿನಲ್ಲಿ ನಮ್ಮವರು ಇರಲಿಲ್ಲ ಅಂತ ಎದೆ ಮುಟ್ಟಿ ಹೇಳಬಲ್ಲಿರಾ? ನಮ್ಮ ಹಾಸ್ಟೆಲ್ಲಿನಲ್ಲೇ ಬಣ್ಣ ಕಮ್ಮಿ ಇದ್ದವನನ್ನು 'ಕರಿಯ' ಅಂತ ಕರೆದು ಹಲ್ಲು ಕಿರಿಯೋದಿಲ್ಲವೇ? ದೂರದ ಫ್ಲಾಯ್ಡ್‌ಗೆ ಕಣ್ಣೀರು, ಪಕ್ಕದ ಕಪ್ಪು ಹುಡುಗನಿಗೆ ಅಡ್ಡ ಹೆಸರು. ಇದು ಹೋರಾಟ ಅಲ್ಲ.

ಈಗ ನನ್ನ ರೂಮಿನ ಗೆಳೆಯನ ವಿಷಯಕ್ಕೆ ಬರ್ತೀನಿ. ಈ ಬರಹ ಇರೋದೇ ಅವನಿಗಾಗಿ.

ಏಟು ತಿಂದ ಮಾರನೇ ದಿನ ಅವನು ಸುಮ್ಮನೆ ಎದ್ದು, ದೀಪಾಂಜಲಿ ನಗರದಿಂದ ಅತ್ತಿಗುಪ್ಪೆ ದಾಟಿ ವಿಜಯನಗರದ ಕೋಚಿಂಗಿಗೆ ನಡೆದ. ದಿನಾ ಹೋಗ್ತಾನೆ. ಮೆಟ್ರೋ ತಲೆ ಮೇಲೆ ಹೋಗುತ್ತೆ, ಇವನು ಕಂಬಗಳ ಕೆಳಗೆ ನಡೀತಾನೆ, ಟಿಕೇಟಿನ ದುಡ್ಡು ಮಧ್ಯಾಹ್ನದ ಊಟಕ್ಕಾಗುತ್ತೆ ಅಂತ. ಅವನು ಓದ್ತಾ ಇರೋದು ಯಾವ ಪರೀಕ್ಷೆಗೆ ಗೊತ್ತೇ? ಪೊಲೀಸ್ ಕಾನ್‌ಸ್ಟೇಬಲ್. ಆದರೆ ಪಿ.ಎಸ್.ಐ.

"ಅಲ್ಲಲಾ, ನಿನ್ನೆ ಹೊಡೆಸ್ಕೊಂಡು ಇವತ್ತು ಅದೇ ಖಾಕಿಗೆ ಓದ್ತಿದ್ದೀಯಲ್ಲ?" ಅಂದೆ.

"ಅದಕ್ಕೇ ಕಣ್ಲಾ ಓದ್ತಿರಾದು. ಒಂದ್ಸಲ ಖಾಕಿ ಹಾಕ್ಕಂಡ್ರೆ ಆಮೇಲೆ ಯಾವನ್ ನನ್ನ ಬಾರೋ ಅಂತಾನೆ ನೋಡ್ತೀನಿ" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಅರ್ಧ ಜನ ಇದೇ ಪರೀಕ್ಷೆಗೆ ಓದ್ತಿದ್ದೀರಿ, ನನಗೆ ಗೊತ್ತು. ನಮ್ಮಂಥ ಮಕ್ಕಳಿಗೆ ಬಿ.ಎ. ಮುಗಿದ ಮೇಲೆ ಇನ್ಯಾವ ಬಾಗಿಲು ತೆಗೆದಿದೆ? ಆ ಬಾಗಿಲೂ ನೆಟ್ಟಗಿದೆಯೇ? 2021ರಲ್ಲಿ 545 ಪಿ.ಎಸ್.ಐ. ಹುದ್ದೆಗೆ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎ.ಡಿ.ಜಿ.ಪಿ.ಯನ್ನೇ ಸಿ.ಐ.ಡಿ. ಬಂಧಿಸಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಷ್ಟರೊಳಗೆ ಎಷ್ಟು ಬಡ ಹುಡುಗರ ವಯಸ್ಸು ಮೀರಿತೋ! ನಮಗೆ ಶಿಸ್ತು, ಗೌರವ ಅಂತ ಪಾಠ ಹೇಳುವ ಇಲಾಖೆಯ ಹೆಬ್ಬಾಗಿಲಿನ ಕಥೆ ಇದು.

ಗೆಳೆಯ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ನಮ್ಮವರು ಠಾಣೆಯೊಳಗೆ ಇರಬೇಕು. ಅಸ್ಪೃಶ್ಯನಿಗೆ ಏಟು ಹಾಕಿದವನೂ, ದೂರು ಬರೆದುಕೊಳ್ಳುವವನೂ, ತೀರ್ಪು ಕೊಡುವವನೂ ಒಂದೇ ಜಾತಿಕಟ್ಟಿನವರಾದರೆ ನ್ಯಾಯ ಎಲ್ಲಿಂದ ಬರಬೇಕು ಅಂತ ಬಾಬಾಸಾಹೇಬರು ಜೀವಮಾನವೆಲ್ಲ ಕೇಳಿದರು. ಆದರೆ ನಮ್ಮವನು ಒಳಗೆ ಹೋದ ಮಾತ್ರಕ್ಕೆ ಠಾಣೆ ನಮ್ಮದಾಗೋದಿಲ್ಲ. ಮತ್ತೆ ಮಿನಿಯಾಪೊಲಿಸಿಗೆ ಬನ್ನಿ. ಫ್ಲಾಯ್ಡ್‌ನ ಕುತ್ತಿಗೆ ಮೇಲಿದ್ದವನು ಬಿಳಿಯ. ಬೆನ್ನು ಒತ್ತಿ ಹಿಡಿದಿದ್ದವನು ಯಾರು? ಅಲೆಕ್ಸಾಂಡರ್ ಕೂಯಿಂಗ್ ಅಂತ ಇಪ್ಪತ್ತಾರು ವರ್ಷದವನು. ಕಪ್ಪು ತಂದೆಗೆ ಹುಟ್ಟಿದವನು. ತರಬೇತಿ ಮುಗಿಸಿ ಪೂರ್ಣ ಅಧಿಕಾರಿಯಾಗಿ ಕೆಲವೇ ದಿನ ಆಗಿತ್ತು. ಒಳಗೆ ಹೋಗಿ ಪೊಲೀಸರನ್ನು ಬದಲಾಯಿಸ್ತೀನಿ ಅಂತ ಸೇರಿದ್ದ ಅಂತ ಅವನ ಹತ್ತಿರದವರೇ ಪತ್ರಿಕೆಗೆ ಹೇಳಿದರು. ಮೇಲಿನವನು ಕೂತ, ಇವನೂ ಕೂತ. ಕೊಂದವನಿಗೆ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು. ಕಣ್ಣೆದುರಿನ ಹಿಂಸೆಯನ್ನು ತಡೆಯದೆ ಹೋದ ತಪ್ಪಿಗೆ 2022ರಲ್ಲಿ ಇವನೂ ಅಪರಾಧಿಯಾದ.

ಗೆಳೆಯಾ, ಕೂಯಿಂಗ್ ಕೆಟ್ಟವನಾಗಿ ಹುಟ್ಟಿದವನಲ್ಲ. ನಿನ್ನ ವಯಸ್ಸಿನವನು. ನಿನ್ನ ಹಾಗೇ ಕನಸು ಕಂಡವನು. ಖಾಕಿ ಅವನ ಚರ್ಮವನ್ನು ಮರೆಸಿತು.

ಖಾಕಿಯೊಳಗೂ ಜಾತಿಪದ್ಧತಿಯ ಏಣಿಯೇ ಇದೆ. ಮೇಲೆ ನೋಡಿದರೆ ಸಲ್ಯೂಟು, ಕೆಳಗೆ ನೋಡಿದರೆ ಬೈಗುಳ. ಬಾಬಾಸಾಹೇಬರು ಇದಕ್ಕೆ ಶ್ರೇಣೀಕೃತ ಅಸಮಾನತೆ ಅಂತ ಹೆಸರಿಟ್ಟರು. 2016ರ ಜೂನ್ 4ಕ್ಕೆ ಕರ್ನಾಟಕದ ಕಾನ್‌ಸ್ಟೇಬಲ್ಲುಗಳು ಸಾಮೂಹಿಕ ರಜೆ ಹಾಕ್ತೀವಿ ಅಂತ ಹೊರಟರು. ಕೇಳಿದ್ದು ಏನು? ಸಂಬಳ, ವಾರದ ರಜೆ, ಮೇಲಧಿಕಾರಿಗಳ ಕಿರುಕುಳ ನಿಲ್ಲಬೇಕು ಅಂತ. ಅಂದರೆ ಗೌರವ. ಸರಕಾರ ಎಸ್ಮಾ ಕಾಯಿದೆ ತಂದಿತು, ಮುಂದಾಳನ್ನು ರಾಜದ್ರೋಹದ ಕೇಸಿನಲ್ಲಿ ಒಳಗೆ ಹಾಕಿತು. ಗೌರವ ಕೇಳಿದ ಪೊಲೀಸರಿಗೆ ಸಿಕ್ಕ ಉತ್ತರ ಇದು. ಮೇಲಿನಿಂದ ತಿಂದ ತಿರಸ್ಕಾರವನ್ನು ಆ ಮನುಷ್ಯ ಎಲ್ಲಿ ಇಳಿಸಬೇಕು? ರಾತ್ರಿ ರಸ್ತೆಯಲ್ಲಿ ನಡ್ಕೊಂಡು ಬರೋ ಬಡವನ ಮೇಲೆ ಇಳಿಸ್ತಾನೆ.

ಕಷ್ಟ ಇದೆ, ಒಪ್ಪೋಣ. ಹಗಲು ರಾತ್ರಿ ನಿಂತು ಕಾಲು ಊದಿಸ್ಕೊಳ್ತಾರೆ, ಒಪ್ಪೋಣ. ಪೌರಕಾರ್ಮಿಕರಿಗೆ ಕಷ್ಟ ಇಲ್ಲವೇ? ಮ್ಯಾನ್‌ಹೋಲಿಗೆ ಇಳಿದು ಸಾಯುವ ನಮ್ಮ ಅಣ್ಣಂದಿರಿಗೆ ಇಲ್ಲವೇ? ಅವರು ಯಾರಿಗಾದರೂ ಪೊರಕೆಯಲ್ಲಿ ಹೊಡೆದದ್ದು ಕೇಳಿದ್ದೀರಾ? ಕಷ್ಟ ಪಡುವವರಿಗೆಲ್ಲ ಹೊಡೆಯುವ ಹಕ್ಕು ಬರೋದಾದರೆ ಈ ದೇಶದಲ್ಲಿ ಮೊದಲು ಹೊಡೆಯಬೇಕಾದವರು ಯಾರು?

ಸರಿ, ಏನು ಮಾಡೋದು? ಕಲ್ಲು ಎತ್ತಿಕೊಳ್ಳೋಣ ಅಂತ ನಾನು ಹೇಳೋದಿಲ್ಲ. ಕಲ್ಲು ಎತ್ತಿದ ದಿನ ಅವರು ಗೆದ್ದರು, ನಮ್ಮ ಹುಡುಗರು ಜೈಲಿಗೆ ಹೋದರು ಅಂತಲೇ ಲೆಕ್ಕ. 1966ರಲ್ಲಿ ಶುರುವಾದ ಬ್ಲ್ಯಾಕ್ ಪ್ಯಾಂಥರುಗಳು ಪೊಲೀಸರು ಕಪ್ಪು ಜನರನ್ನು ತಡೆದು ನಿಲ್ಲಿಸಿದ ಕಡೆ ಹೋಗಿ ನಿಂತು ನೋಡ್ತಿದ್ದರು. ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಕಾನೂನು ಪುಸ್ತಕ. ನಮಗೆ ಆ ಬಂದೂಕು ಬೇಡ. ಪುಸ್ತಕ ಬೇಕು. ಬಾಬಾಸಾಹೇಬರ ಕೈಯಲ್ಲಿ ಇರೋದೂ ಪುಸ್ತಕವೇ.

1973ರಲ್ಲಿ ಬಿ. ಬಸವಲಿಂಗಪ್ಪನವರು ಬೂಸಾ ಅಂದ ಒಂದು ಮಾತಿಗೆ ದಲಿತ ವಿದ್ಯಾರ್ಥಿಗಳನ್ನು, ಅವರ ಹಾಸ್ಟೆಲ್ಲುಗಳನ್ನು ಹುಡುಕಿ ಹುಡುಕಿ ಹೊಡೆದರು. ಆ ಏಟು ತಿಂದ ಹುಡುಗರು ಮೂಲೆ ಸೇರಲಿಲ್ಲ, ಸಂಘಟನೆ ಕಟ್ಟಿದರು. ನಮ್ಮ ಚಳವಳಿ ಹುಟ್ಟಿದ್ದೇ ಹಾಸ್ಟೆಲ್ ಕೋಣೆಗಳಲ್ಲಿ. ಆದ್ದರಿಂದ ಈ ಕೆಳಗಿನದನ್ನು ಹಾಳೆಯಲ್ಲಿ ಬರೆದು ಹಾಸ್ಟೆಲ್ ಬಾಗಿಲಿಗೆ ಅಂಟಿಸಿ.

ಒಂದು. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಹಿಡಿಯಲು ಬಂದ ಪೊಲೀಸಿನವರ ಎದೆ ಮೇಲೆ ಹೆಸರು, ಹುದ್ದೆ ಕಾಣಬೇಕು. ಬಂಧನದ ಪತ್ರ ಬರೆಯಬೇಕು, ಅದಕ್ಕೆ ಸಾಕ್ಷಿಯ ಸಹಿ ಬೇಕು. ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. ಕೇಳಿದರೆ ಮೈಮೇಲಿನ ಗಾಯಗಳನ್ನು ಪರೀಕ್ಷೆ ಮಾಡಿಸಿ ಬರೆದಿಡಬೇಕು.

ಎರಡು. ಸಂವಿಧಾನದ 22ನೇ ವಿಧಿ. ಹಿಡಿದ 24 ಗಂಟೆಯೊಳಗೆ, ದಾರಿಯ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರನ್ನು ನೋಡುವ ಹಕ್ಕು ನಿಮಗಿದೆ. 'ಸುಮ್ನೆ ವಿಚಾರಣೆಗೆ' ಅಂತ ಎರಡು ದಿನ ಕೂರಿಸೋದು ಕಾನೂನಿನಲ್ಲಿ ಇಲ್ಲ.

ಮೂರು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಳೇ ಮಾತೇ ಇದೆ: ಬಂಧಿಸಿದವನನ್ನು ತಪ್ಪಿಸಿಕೊಳ್ಳದ ಹಾಗೆ ತಡೆಯಲು ಎಷ್ಟು ಬೇಕೋ ಅಷ್ಟೇ ಬಿಗಿ, ಅದಕ್ಕಿಂತ ಹೆಚ್ಚಿಲ್ಲ. ಶಿಕ್ಷೆ ಕೊಡೋದು ಕೋರ್ಟಿನ ಕೆಲಸ, ಠಾಣೆಯದಲ್ಲ.

ನಾಲ್ಕು. 2020ರ ಡಿಸೆಂಬರಿನ ತೀರ್ಪಿನ ಪ್ರಕಾರ ಪ್ರತಿ ಠಾಣೆಯಲ್ಲಿ, ಲಾಕಪ್ಪಿನಲ್ಲೂ, ಧ್ವನಿ ಸಮೇತ ಸಿ.ಸಿ. ಕ್ಯಾಮೆರಾ ಇರಬೇಕು. ಕ್ಯಾಮೆರಾ ಕೆಟ್ಟಿದೆ ಅಂದರೆ ಯಾವಾಗಿನಿಂದ ಅಂತ ಬರವಣಿಗೆಯಲ್ಲಿ ಕೇಳಿ.

ಐದು. ದೌರ್ಜನ್ಯ ಕಾಯಿದೆಯ 4ನೇ ಕಲಂ. ಪರಿಶಿಷ್ಟನ ದೂರನ್ನು ಬೇಕೆಂದೇ ಬರೆದುಕೊಳ್ಳದ, ಪರಿಶಿಷ್ಟನಲ್ಲದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಈ ಕಾಯಿದೆಯ ಹಲ್ಲು ಕಿತ್ತಿತ್ತು. ಏಪ್ರಿಲ್ 2ಕ್ಕೆ ನಮ್ಮ ಜನ ಭಾರತ ಬಂದ್ ಮಾಡಿ, ಜೀವ ಕೊಟ್ಟು, ಆ ಹಲ್ಲನ್ನು ವಾಪಸ್ ತಂದರು. ದೂರು ದಾಖಲಿಸಲು ಮೊದಲೇ ವಿಚಾರಣೆ ಬೇಕು ಅಂತ ಈಗ ಯಾರೂ ಹೇಳುವ ಹಾಗಿಲ್ಲ.

ಆರು. ಒಬ್ಬನನ್ನು ಕರೆದೊಯ್ದರೆ ನಾಲ್ಕು ಜನ ಹೋಗಿ. ಕೂಗಬೇಡಿ, ಕಾಲಿಗೂ ಬೀಳಬೇಡಿ. ನಿಂತುಕೊಳ್ಳಿ. ಹೋದ ಹೊತ್ತು, ಕಂಡ ಹೆಸರು, ಆಡಿದ ಮಾತು ಬರೆದುಕೊಳ್ಳಿ. ಅವರನ್ನೂ 'ನೀವು' ಅಂತಲೇ ಕರೆಯಿರಿ. ಹೆದರಿ ಅಲ್ಲ. ನಮಗೆ ಬೇಕಾದದ್ದು ಏನು ಅಂತ ತೋರಿಸೋಕೆ.

ಗೌರವ ಅಂದರೆ ಇದು ದೊಡ್ಡ ಮನುಷ್ಯರೇ. ಅದು ನಾವು ನೆಟ್ಟಗಿದ್ದದ್ದಕ್ಕೆ ನೀವು ಕೊಡುವ ಇನಾಮು ಅಲ್ಲ. ಕುಡಿದು ಬಿದ್ದವನಿಗೂ, ಕಳ್ಳತನದಲ್ಲಿ ಸಿಕ್ಕಿಬಿದ್ದವನಿಗೂ, ನಿಮ್ಮ ಮುಖ ನೋಡಿ ಸಲಾಮು ಹೊಡೆಯದವನಿಗೂ ಅದು ಸಲ್ಲಬೇಕು. ಲಾಠಿ ಯಾರ ಕೈಯಲ್ಲಿದೆಯೋ ಗೌರವದ ಮೊದಲ ಕಂತು ಅವರೇ ಕಟ್ಟಬೇಕು. ನಾವು ಮುಂಗಡವಾಗಿ ಕಟ್ಟಿ ಕಟ್ಟಿ ತಾತನ ಕಾಲಕ್ಕೇ ಬರಿಗೈ ಆಗಿದ್ದೇವೆ.

ಕೊನೆಗೆ ನಿನಗೆ, ಗೆಳೆಯಾ. ಖಾಕಿ ಹಾಕು. ಹಾಕಬೇಡ ಅನ್ನೋಕೆ ನಾನು ಯಾರು? ನಿಮ್ಮವ್ವ ಕೊಳ್ಳೇಗಾಲದ ಕಡೆ ಕಬ್ಬಿನ ಗದ್ದೆಯಲ್ಲಿ ಬಗ್ಗಿ ಕಳೆ ಕೀಳ್ತಾ ಕಾಯ್ತಾ ಇದ್ದಾಳೆ, ನನ್ನ ಮಗ ಪೊಲೀಸ್ ಆಯ್ತಾನೆ ಅಂತ. ಆಗು. ಆದರೆ ನೀನು ಕೇಳಿದ್ದು ತಪ್ಪು ಪ್ರಶ್ನೆ. ಖಾಕಿ ಹಾಕಿದ ಮೇಲೆ ನಿನ್ನನ್ನು ಯಾರು 'ಬಾರೋ' ಅಂತಾರೆ ಅನ್ನೋದಲ್ಲ. ಒಂದು ರಾತ್ರಿ ನೀನು ಗಸ್ತಿನ ಗಾಡಿಯಲ್ಲಿ ಕೂತಿರ್ತೀಯ. ಕೊನೇ ಬಸ್ಸು ತಪ್ಪಿದ ಇಬ್ಬರು ಹುಡುಗರು ಹೆಗಲಿಗೆ ಬ್ಯಾಗು ಹಾಕ್ಕೊಂಡು ನಡ್ಕೊಂಡು ಬರ್ತಿರ್ತಾರೆ. ಪಕ್ಕದಲ್ಲಿ ನಿನ್ನ ಮೇಲಧಿಕಾರಿ ಕೂತಿರ್ತಾನೆ, ನೋಡ್ತಿರ್ತಾನೆ. ಗಾಡಿ ನಿಲ್ಲುತ್ತೆ.

ನಿನ್ನ ಬಾಯಿಂದ ಮೊದಲು ಬರುವ ಮಾತು ಯಾವುದು?

ಈಗಲೇ ಯೋಚನೆ ಮಾಡಿಟ್ಟುಕೋ. ಆವತ್ತು ಪುರುಸೊತ್ತು ಇರೋದಿಲ್ಲ.

ಜೈ ಭೀಮ್.